ಸಾರಾಯಿ ಅಲ್ಲ, ಸರಾಯಿ

ಬೆಂಗಳೂರಿನ ಗೆಳೆಯರು ಯಾರಾದ್ರೂ "ನಿಮ್ಮೂರು ನೋಡೋಕೆ ಎಷ್ಟು ದಿನ ಬೇಕು ಗುರೂ?" ಅಂತ ಕೇಳಿದ್ರೆ ನಮ್ಮ ಕಡೆಯವರು ಕೊಡೋ ಉತ್ತರ ಒಂದೇ. "ಅರ್ಧಾ ದಿನ ಸಾಕ್ರಿ."

ಈ ಅರ್ಧ ದಿನದ ಮೇಲೆ ನನಗೆ ಬಹಳ ದಿವಸದಿಂದ ಸಿಟ್ಟಿದೆ.

ಅರ್ಧ ದಿನದ ಲೆಕ್ಕ ಹೇಗೆ ಅಂತ ನಿಮಗೂ ಗೊತ್ತಿರುತ್ತೆ. ರಾತ್ರಿ ಬೆಂಗಳೂರಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತೋದು, ಬೆಳಿಗ್ಗೆ ವಿಜಯಪುರದಲ್ಲಿ ಇಳಿಯೋದು. ಸ್ಟೇಶನ್ನಿನಿಂದ ಕಣ್ಣಳತೆಯಲ್ಲೇ ಗೋಳಗುಮ್ಮಟ. ಮೇಲೆ ಹತ್ತಿ "ಹೋ..." ಅಂತ ಕೂಗೋದು, ಸುಸ್ತಾಗಿ ಕೆಳಗಿಳಿಯೋದು. ಆಟೋದವನು ಇಬ್ರಾಹಿಂ ರೋಜಾ ತೋರಿಸ್ತಾನೆ, ಉಪ್ಪಲಿ ಬುರುಜು ತೋರಿಸ್ತಾನೆ, ಮಲಿಕ್-ಎ-ಮೈದಾನ್ ತೋಪಿನ ಮುಂದೆ ಒಂದು ಫೋಟೋ. ಖಾನಾವಳಿಯಲ್ಲಿ ರೊಟ್ಟಿ ಊಟ. ಮೂರು ಗಂಟೆಗೆ ಗಾಡಿ ಬಾದಾಮಿ ಕಡೆ ಹೊರಟಿತು ಅಂದ್ರೆ ಮುಗೀತು, ಎರಡು ಶತಮಾನ ರಾಜಧಾನಿಯಾಗಿದ್ದ ಊರು ನೋಡಿದ್ದಾಯ್ತು! ಸೊಲ್ಲಾಪುರ, ಪಂಢರಪುರದ ಕಡೆಯಿಂದ ಬರೋರದ್ದಂತೂ ಇನ್ನೂ ಕಡಿಮೆ. ಅವರಿಗೆ ವಿಜಯಪುರ ಅಂದ್ರೆ ದಾರಿಯಲ್ಲಿ ಚಹಾ ಕುಡಿಯೋ ಸ್ಟಾಪು.

ಹೊರಗಿನವರನ್ನ ಬೈದು ಪ್ರಯೋಜನ ಇಲ್ಲ. 17ನೇ ಶತಮಾನದ ನಡುವೆ ಈ ಕಡೆ ಓಡಾಡಿದ್ದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೇ ಕೂಡಾ ತನ್ನ ಪ್ರವಾಸ ಕಥನದಲ್ಲಿ ಬಿಜಾಪುರ ದೊಡ್ಡ ಊರು ಹೌದು, ಆದರೆ ಅಂಥಾ ವಿಶೇಷ ಏನಿಲ್ಲ ಅನ್ನೋ ಧಾಟಿಯಲ್ಲೇ ಬರೆದು ಮುಗಿಸಿದ. ಅವನಿಗೆ ನೆನಪಿನಲ್ಲಿ ಉಳಿದದ್ದು ಕೋಟೆಯ ಕಂದಕದಲ್ಲಿದ್ದ ಮೊಸಳೆಗಳು. ಪಾಪ, ವಜ್ರದ ವ್ಯಾಪಾರಿ, ಅವನ ಕಣ್ಣು ಬೇರೆ ಕಡೆ ಇತ್ತು. ಇವತ್ತಿನ ಟ್ರಾವೆಲ್ ವೆಬ್‌ಸೈಟುಗಳಲ್ಲಿ ರಿವ್ಯೂ ಬರೆಯೋ ಜನರ ಮೂಲಪುರುಷ ಅನ್ನಬಹುದು :)

ನನ್ನ ತಕರಾರು ಇರೋದು ನಮ್ಮ ಮೇಲೆ. ಬಂದವರನ್ನ ರಾತ್ರಿ ಉಳಿಸಿಕೊಳ್ಳೋದು ಒಂದು ಕಾಲಕ್ಕೆ ಈ ಊರಿಗೆ ಚೆನ್ನಾಗಿ ಗೊತ್ತಿತ್ತು. ಈಗ ಮರೆತುಹೋಗಿದೆ.

ತಾಜ್ ಬಾವಡಿ ನೋಡಿದೀರಲ್ಲ? 1620ರ ಹೊತ್ತಿಗೆ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಅವನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಆದ ಬಾವಡಿ. ಜನ ಹೋಗಿ ಕಮಾನಿನ ಕೆಳಗೆ ನಿಂತು ನೀರು ನೋಡಿ ಬರ್ತಾರೆ. ಆ ನೀರಿನ ಎರಡೂ ಪಕ್ಕ, ಪೂರ್ವಕ್ಕೂ ಪಶ್ಚಿಮಕ್ಕೂ ಇರೋ ಕೋಣೆಗಳ ಸಾಲು ಯಾತಕ್ಕೆ ಅಂತ ಯಾರೂ ಕೇಳೋದಿಲ್ಲ. ಅವು ದಾರಿಹೋಕರು ತಂಗೋಕೆ ಕಟ್ಟಿದ್ದು. ಬಿಸಿಲಲ್ಲಿ ಬಂದವನಿಗೆ ಮೊದಲು ನೀರು, ಆಮೇಲೆ ನೀರಿನ ತಂಪು ತಾಗೋ ಹಾಗೆ ಮಲಗೋಕೆ ಒಂದು ಕೋಣೆ. ಇವತ್ತು ಯಾವುದಾದರೂ ಆರ್ಕಿಟೆಕ್ಟ್ ಇದನ್ನೇ ಮಾಡಿ 'ವಾಟರ್ ವ್ಯೂ ರೂಮ್' ಅಂತ ಹೆಸರಿಟ್ಟರೆ ಒಂದು ರಾತ್ರಿಗೆ ಎಂಟು ಸಾವಿರ ಕೇಳ್ತಾನೆ.

ಇದಕ್ಕಿಂತ ದೊಡ್ಡ ಕಥೆ ಮುಸ್ತಫಾ ಖಾನನ ಸರಾಯಿಯದು. (ಸಾರಾಯಿ ಅಲ್ಲ, ಸರಾಯಿ. ಅಂದ್ರೆ ಪ್ರವಾಸಿಗಳ ತಂಗುಮನೆ. ಒಂದು ದೀರ್ಘ ಹೆಚ್ಚಾದ್ರೆ ಅರ್ಥ ಎಲ್ಲೋ ಹೋಗಿಬಿಡುತ್ತೆ.) ಮುಸ್ತಫಾ ಖಾನ್ ಅಂದ್ರೆ ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್‌ಶಾಹನ ಕಾಲದ ದೊಡ್ಡ ಸರದಾರ. 1640ರ ಹೊತ್ತಿಗೆ ಊರಿನ ಗೋಡೆಯಾಚೆ ಪಶ್ಚಿಮಕ್ಕೆ ಬಂದ ವ್ಯಾಪಾರಿಗಳು ಇಳಿದುಕೊಳ್ಳಲಿ ಅಂತ ಒಂದು ಭರ್ಜರಿ ಸರಾಯಿ ಕಟ್ಟಿಸಿದ. ನಡುವೆ ಅಂಗಳ, ಸುತ್ತಲೂ ಕೋಣೆಗಳು, ಹೊರಗೆ ಗಟ್ಟಿ ಗೋಡೆ. ಆ ಕಟ್ಟಡ ಇವತ್ತಿಗೂ ಇದೆ, ಒಳಗೆ ಜನರೂ ಇದ್ದಾರೆ. ಆದರೆ ನಾವು ನೀವು ಹೋಗಿ ಉಳಿಯೋ ಹಾಗಿಲ್ಲ. ಯಾಕಂದ್ರೆ ಅದೇ ನಮ್ಮ ದರ್ಗಾ ಜೈಲು! ಬ್ರಿಟಿಷರಿಗೆ ಜೈಲು ಬೇಕಿತ್ತು. ಅಂಗಳ, ಕೋಣೆ, ಗೋಡೆ ಎಲ್ಲ ರೆಡಿ ಇತ್ತು. ಅಷ್ಟೇ.

ಊರಿನ ಅತಿ ದೊಡ್ಡ ತಂಗುದಾಣ ಜೈಲಾಗಿರೋ ಇನ್ನೊಂದು ಊರು ನನಗಂತೂ ಗೊತ್ತಿಲ್ಲ.

ಹಾಗಂತ ಬ್ರಿಟಿಷರು ತಾವು ಎಲ್ಲಿ ಉಳಿದುಕೊಳ್ತಿದ್ರು? ಅದೂ ಮಜಾ ಇದೆ. 1884ರಲ್ಲಿ ಹೊಟಗಿ–ಗದಗ ರೈಲು ಬಂತು, ಮರುವರ್ಷ 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಹೊಸ ಕಟ್ಟಡ ಕಟ್ಟೋದರ ಬದಲು ಹಾಳುಬಿದ್ದಿದ್ದ ಮಹಲು, ಮಸೀದಿಗಳನ್ನೇ ರಿಪೇರಿ ಮಾಡಿ ಆಫೀಸು, ಮನೆ ಮಾಡಿಕೊಂಡರು. ಒಂದು ಮಸೀದಿ ಪೋಸ್ಟಾಫೀಸಾಯ್ತು. ಗೋಳಗುಮ್ಮಟದ ಪಕ್ಕದಲ್ಲೇ ಇದೆಯಲ್ಲ ಚಂದದ ಮಸೀದಿ, ಅದು ಡಾಕ್ ಬಂಗಲೆ ಆಯ್ತು. ಅಂದ್ರೆ ಸಾಹೇಬರು ಮಸೀದಿಯಲ್ಲಿ ಮಂಚ ಹಾಕಿಕೊಂಡು ಮಲಗಿ, ಬೆಳಿಗ್ಗೆ ಎದ್ದು ಚಹಾ ಕುಡೀತಾ ಗುಮ್ಮಟ ನೋಡೋರು. ಲಾರ್ಡ್ ಕರ್ಜನ್ ವೈಸರಾಯ್ ಆದಮೇಲೆ ಇದು ಸರಿಯಲ್ಲ ಅಂತ ಡಾಕ್ ಬಂಗಲೆಯನ್ನೂ ಪೋಸ್ಟಾಫೀಸನ್ನೂ ಅಲ್ಲಿಂದ ಎಬ್ಬಿಸಿದ. ಬಂಗಾಳ ಒಡೆದ ಕರ್ಜನ್ ಬಗ್ಗೆ ಒಳ್ಳೇ ಮಾತು ಹೇಳೋ ಪ್ರಸಂಗ ಕಡಿಮೆ, ಆದರೆ ಈ ಕೆಲಸ ಒಳ್ಳೇದೇ ಮಾಡಿದ. 1904ರ ಪ್ರಾಚೀನ ಸ್ಮಾರಕ ಕಾಯ್ದೆ ಬಂದದ್ದೂ ಅವನ ಕಾಲದಲ್ಲೇ.

ಸ್ಮಾರಕದ ಒಳಗೆ ಮಲಗೋದು ತಪ್ಪು, ಒಪ್ಪಿದೆ. ಆದರೆ ಅಲ್ಲಿಂದಾಚೆಗೆ ನಾವು ಸ್ಮಾರಕದ ಹತ್ತಿರ ಮಲಗೋದನ್ನೂ ಬಿಟ್ಟುಬಿಟ್ಟೆವು.

ಈ ವಿಚಾರ ತಲೆಗೆ ಹತ್ತಿದ್ದು ಫ್ರಾನ್ಸಿನಲ್ಲಿ. ಪ್ರಾಜೆಕ್ಟ್ ಕೆಲಸದ ಮೇಲೆ ಆರು ವಾರ ಪ್ಯಾರಿಸ್‌ನಲ್ಲಿದ್ದೆ. (ಆನ್‌ಸೈಟ್ ಅಂದ್ರೆ ಐಫೆಲ್ ಟವರ್ ಮುಂದೆ ಫೋಟೋ ಅನ್ಕೋಬೇಡಿ, ನನಗೆ ಸಿಕ್ಕಿದ್ದು ಒಂದು ಬೇಸ್‌ಮೆಂಟು, ಮೂರು ಮಾನಿಟರು.) ಒಂದು ಶನಿವಾರ ಶಾರ್ತ್ರ್ ಅನ್ನೋ ಊರಿಗೆ ಹೋದೆ. ಮೋಂಪಾರ್ನಾಸ್ ಸ್ಟೇಶನ್ನಿನಿಂದ ಒಂದು ಗಂಟೆ ಚಿಲ್ಲರೆ ಪ್ರಯಾಣ, ದೂರ ಸುಮಾರು 90 ಕಿಲೋಮೀಟರ್. ಗೋಧಿ ಹೊಲಗಳ ನಡುವೆ ರೈಲು ಹೋಗ್ತಿರುವಾಗ ಇನ್ನೂ ಊರೇ ಕಾಣೋದಿಲ್ಲ, ಕೆಥೆಡ್ರಲ್ಲಿನ ಎರಡು ಶಿಖರ ಮಾತ್ರ ಹೊಲದಿಂದ ಎದ್ದು ಬಂದ ಹಾಗೆ ಕಾಣ್ತವೆ. ನನಗೆ ತಟ್ಟಂತ ನೆನಪಾಗಿದ್ದು ನಮ್ಮ ಟಿಕೋಟಾ ರೋಡು. ಬಸ್ಸಿನಲ್ಲಿ ಬರುವಾಗ ಜೋಳದ ಹೊಲದಾಚೆ ಮೊದಲು ಗುಮ್ಮಟ ಕಾಣ್ತದೆ, ಊರು ಆಮೇಲೆ. ಸಣ್ಣವರಿದ್ದಾಗ ಯಾರು ಮೊದಲು ಗುಮ್ಮಟ ನೋಡ್ತಾರೋ ಅವರಿಗೆ ಕಿಟಕಿ ಸೀಟು.

ಶಾರ್ತ್ರ್ ಕೆಥೆಡ್ರಲ್ ಬಗ್ಗೆ ಹೇಳೋಕೆ ಹೋದ್ರೆ ಇದೇ ಒಂದು ಪುರಾಣ ಆಗುತ್ತೆ. ಹಳೇ ಚರ್ಚು 1194ರಲ್ಲಿ ಸುಟ್ಟುಹೋಯ್ತು. ಈಗಿರೋದರ ಬಹುಪಾಲು ಅದಾದ ಮೂವತ್ತು ವರ್ಷದ ಆಸುಪಾಸಿನಲ್ಲೇ ಎದ್ದು ನಿಂತದ್ದು. ಎರಡು ಶಿಖರಗಳೂ ಬೇರೆ ಬೇರೆ ಕಾಲದವು, ಒಂದು 105 ಮೀಟರ್, ಇನ್ನೊಂದು 113. ನೋಡಿದ್ರೆ ಅಣ್ಣ ತಮ್ಮ ಜಗಳಾಡಿ ಬೇರೆಬೇರೆ ಮೇಸ್ತ್ರಿ ಹಿಡಿದು ಕಟ್ಟಿಸಿದ ಹಾಗಿದೆ. ಒಳಗಿನ ಬಣ್ಣದ ಗಾಜುಗಳಂತೂ, ಅದರಲ್ಲೂ ಆ ನೀಲಿ... ಎರಡನೇ ಮಹಾಯುದ್ಧ ಶುರುವಾಗೋ ಹೊತ್ತಿಗೆ 1939ರಲ್ಲಿ ಆ ಗಾಜುಗಳನ್ನೆಲ್ಲ ಬಿಚ್ಚಿ, ಪೆಟ್ಟಿಗೆಯಲ್ಲಿ ತುಂಬಿ ಬೇರೆ ಕಡೆ ಬಚ್ಚಿಟ್ಟು, ಯುದ್ಧ ಮುಗಿದ ಮೇಲೆ ಮತ್ತೆ ಕೂಡಿಸಿದ್ದಾರೆ. ಆ ತಾಳ್ಮೆ ನೋಡ್ರಿ.

ಆದರೆ ನಾನು ಹೇಳೋಕೆ ಹೊರಟಿದ್ದು ಕೆಥೆಡ್ರಲ್ಲಿಗಿಂತ ಅದರ ಸುತ್ತಲಿನ ಊರಿನ ವಿಷಯ. ಶಾರ್ತ್ರ್‌ಗೂ ನಮ್ಮದೇ ರೋಗ ಇತ್ತು. ಪ್ಯಾರಿಸ್ ಇಷ್ಟು ಹತ್ತಿರ ಇದ್ದಮೇಲೆ ಯಾರು ಉಳೀತಾರೆ? ಬೆಳಿಗ್ಗೆ ಬಂದು, ಗಾಜು ನೋಡಿ, ಸಂಜೆ ರೈಲು ಹಿಡಿಯೋದು. ಅಲ್ಲಿಯೂ 'ಅರ್ಧ ದಿನ ಸಾಕು.' 2003ರಿಂದ ಆ ಊರಿನವರು ಒಂದು ಕೆಲಸ ಶುರು ಮಾಡಿದರು. ಕತ್ತಲಾದ ಮೇಲೆ ಕೆಥೆಡ್ರಲ್ಲಿನ ಮುಖದ ಮೇಲೆ, ಹಳೇ ಸೇತುವೆಗಳ ಮೇಲೆ, ನದಿ ದಂಡೆಯ ಬಟ್ಟೆ ಒಗೆಯೋ ಕಟ್ಟೆಗಳ ಮೇಲೆ, ಮ್ಯೂಸಿಯಂ ಮೇಲೆ ಬಣ್ಣದ ಬೆಳಕಿನ ಚಿತ್ರಗಳು. ಟಿಕೆಟ್ಟಿಲ್ಲ, ಗೇಟಿಲ್ಲ, ಸುಮ್ನೆ ಓಣಿ ಓಣಿ ಅಡ್ಡಾಡುತ್ತಾ ನೋಡಬಹುದು. ಜೂನ್ ತಿಂಗಳಲ್ಲಿ ಅಲ್ಲಿ ಕತ್ತಲಾಗೋದೇ ರಾತ್ರಿ ಹತ್ತೂವರೆ ಸುಮಾರಿಗೆ. ಬೆಳಕು ನೋಡಿ ಮುಗಿಸಿ ವಾಪಸ್ ಹೋಗ್ತೀನಿ ಅಂದ್ರೆ ರೈಲು ಸಿಗೋ ಹೊತ್ತಲ್ಲ. ಉಳಿಯಲೇಬೇಕು! ನಾನೂ ಹಾಗೇ ಸಿಕ್ಕಿಬಿದ್ದೆ.

ಉಳಿದದ್ದು ಕೆಥೆಡ್ರಲ್ಲಿನ ಹಿಂದಿನ ಇಳಿಜಾರು ಓಣಿಯಲ್ಲಿದ್ದ ಒಂದು ಸಣ್ಣ ಹೋಟೆಲಿನಲ್ಲಿ. ಒಟ್ಟು ಹನ್ನೊಂದೋ ಹನ್ನೆರಡೋ ರೂಮು. ಯಾವುದೋ ವ್ಯಾಪಾರಿಯ ಹಳೇ ಮನೆ. ಲಿಫ್ಟ್ ಇಲ್ಲ, ಸವೆದು ನಡುವೆ ತಗ್ಗಾದ ಮರದ ಮೆಟ್ಟಿಲು. ನನ್ನ ರೂಮಿನ ಚಾವಣಿ ಓರೆ, ತೊಲೆಗೆ ಎರಡು ಸಲ ತಲೆ ಬಡಿಸಿಕೊಂಡೆ. ಮಾಲಕಿ ಅಂದ್ರೆ ಅರವತ್ತು ದಾಟಿದ ಒಬ್ಬ ಹೆಣ್ಣುಮಗಳು, ತಾನೇ ಕೀಲಿ ಕೊಟ್ಟಳು, ಬೆಳಿಗ್ಗೆ ತಾನೇ ಬ್ರೆಡ್ಡು, ಮನೆಯಲ್ಲಿ ಮಾಡಿದ ಹಣ್ಣಿನ ಜಾಮು ತಂದಿಟ್ಟಳು. ಗೋಡೆ ಮೇಲೆ ಪೇಂಟಿಂಗು, ಬಿಳಿ ಹಾಸಿಗೆ, ಕಿಟಕಿ ತೆಗೆದರೆ ಹೂವಿನ ಕುಂಡ, ಅದರಾಚೆ ಕೆಥೆಡ್ರಲ್ಲಿನ ಬೆನ್ನು. ಗಂಟೆ ಹೊಡೆದ್ರೆ ಗಾಜಿನ ಲೋಟ ಸಣ್ಣಗೆ ನಡುಗ್ತಿತ್ತು. ಟಿವಿ ಸಣ್ಣದು, ವೈಫೈ ಅಷ್ಟಕ್ಕಷ್ಟೇ. ಆದ್ರೂ ನಾನು ಇದುವರೆಗೆ ಉಳಿದ ಹೋಟೆಲುಗಳಲ್ಲಿ ಇದಕ್ಕಿಂತ ಚಂದದ್ದು ಇನ್ನೊಂದಿಲ್ಲ. ಕಂಪನಿ ಖರ್ಚಿನಲ್ಲಿ ಉಳಿದ ಫೈವ್ ಸ್ಟಾರ್‌ಗಳೆಲ್ಲ ನೆನಪಿನಲ್ಲಿ ಒಂದೇ ರೂಮಾಗಿ ಕೂಡಿಹೋಗಿವೆ, ಹೈದರಾಬಾದು ಯಾವುದು ಪುಣೆ ಯಾವುದು ಗೊತ್ತಾಗಲ್ಲ.

ಬೆಳಿಗ್ಗೆ ಬಿಲ್ಲಿನಲ್ಲಿ ಕೆಳಗೆ ಒಂದು ಸಾಲು ಇತ್ತು, ಒಂದು ಯೂರೋ ಚಿಲ್ಲರೆ. ಏನಿದು ಅಂತ ಕೇಳಿದೆ. ಊರಿನಲ್ಲಿ ರಾತ್ರಿ ಉಳಿದಿದ್ದಕ್ಕೆ ತೆರಿಗೆಯಂತೆ. ಫ್ರಾನ್ಸಿನಲ್ಲಿ 1910ರಿಂದಲೇ ಇದಕ್ಕೆ ಕಾನೂನಿದೆ. ಆ ದುಡ್ಡು ಊರಿನ ಸ್ಥಳೀಯ ಆಡಳಿತಕ್ಕೇ ಹೋಗುತ್ತೆ, ಪ್ರವಾಸಿಗಳಿಗೆ ಅನುಕೂಲ ಆಗೋ ಕೆಲಸಕ್ಕೇ ಖರ್ಚು ಮಾಡಬೇಕು.

ಇಲ್ಲಿ ನನ್ನ ಇಂಜಿನಿಯರ್ ಬುದ್ಧಿ ಓಡಿತು ನೋಡಿ. ನಮ್ಮೂರಿನ ಲೆಕ್ಕ ಹಾಕಿ. ಗೋಳಗುಮ್ಮಟ, ಇಬ್ರಾಹಿಂ ರೋಜಾ ಎರಡೂ ಕೇಂದ್ರದ ಪುರಾತತ್ವ ಇಲಾಖೆಯವು. ಟಿಕೆಟ್ ದುಡ್ಡು ಕೇಂದ್ರಕ್ಕೆ. ಅರ್ಧ ದಿನದ ಪ್ರವಾಸಿ ಊರಿಗೆ ಬಿಟ್ಟು ಹೋಗೋದು ಏನು? ಒಂದು ಆಟೋ ಬಾಡಿಗೆ, ಒಂದು ಊಟ, ಒಂದು ಎಳನೀರು, ಒಂದಷ್ಟು ಪ್ಲಾಸ್ಟಿಕ್ ಬಾಟಲಿ. ಅವನು ಒಂದು ರಾತ್ರಿ ಉಳಿದ್ರೆ? ರೂಮು, ಎರಡು ಊಟ, ಸಂಜೆ ಬಜಾರದಲ್ಲಿ ಅಡ್ಡಾಟ, ಬೆಳಿಗ್ಗೆ ನಾಷ್ಟಾ, ಹೋಗುವಾಗ ಒಂದು ಕಿಲೋ ಒಣದ್ರಾಕ್ಷಿ, ಶೇಂಗಾ ಚಟ್ನಿಯ ಪ್ಯಾಕೆಟ್ಟು. ಗುಮ್ಮಟದ ಸುತ್ತ ಇರೋ ಓಣಿಯವರಿಗೆ ಗುಮ್ಮಟದಿಂದ ಆಗೋ ಲಾಭ ಅಂದ್ರೆ ಆ ರಾತ್ರಿ ಒಂದೇ. ಹಗಲಿನ ಲಾಭ ಎಲ್ಲಾ ಬೇರೆಯವರದ್ದು.

ಲಾಭ ಹೋಗಲಿ, ತೊಂದರೆ ಮಾತ್ರ ಓಣಿಯವರದ್ದೇ. 2010ರ ತಿದ್ದುಪಡಿ ಕಾಯ್ದೆ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟೋ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. ವಿಜಯಪುರದಂಥ ಊರಿನಲ್ಲಿ ಹೆಜ್ಜೆಗೊಂದು ಗೋರಿ, ಮಸೀದಿ, ಬಾವಡಿ. ವೃತ್ತ ಎಳೀತಾ ಹೋದ್ರೆ ಹಳೇ ಊರಿನ ಬಹಳಷ್ಟು ಭಾಗ ಒಂದಲ್ಲ ಒಂದು ವೃತ್ತದಲ್ಲಿ ಬೀಳುತ್ತೆ. ಕಾಯ್ದೆ ತಪ್ಪು ಅಂತಿಲ್ಲ. ಅದಿಲ್ಲದಿದ್ರೆ ಬಾರಾ ಕಮಾನಿಗೆ ಒರಗಿಕೊಂಡು ಕಾಂಪ್ಲೆಕ್ಸ್ ಏಳ್ತಿತ್ತು. ಆದರೆ ಇರೋ ಮನೆಯನ್ನ ರಿಪೇರಿ ಮಾಡೋಕೆ ಅದೇ ಕಾಯ್ದೆಯಲ್ಲಿ ಅನುಮತಿ ಪಡೆಯೋ ದಾರಿ ಇದೆ. ಅಂದ್ರೆ ಸ್ಮಾರಕದ ಹತ್ತಿರ ಹೊಸ ಹೋಟೆಲ್ ಕಟ್ಟೋಕೆ ಆಗಲ್ಲ, ಹಳೇ ಮನೆಯನ್ನ ಹಳೇ ಮನೆಯಾಗೇ ಉಳಿಸಿ ನಾಲ್ಕು ಜನರನ್ನ ಇಟ್ಟುಕೊಳ್ಳಬಹುದು. ಕಾನೂನೇ ನಮ್ಮನ್ನ ಶಾರ್ತ್ರ್‌ನ ಅಜ್ಜಿಯ ದಾರಿಗೆ ತಳ್ತಾ ಇದೆ, ನಾವು ಮಾತ್ರ ಬೈಪಾಸ್ ಹತ್ತಿರ ಜಾಗ ಹುಡುಕ್ತೀವಿ.

ಈಗ ವಿಜಯಪುರದಲ್ಲಿ ಹೋಟೆಲ್ಲೇ ಇಲ್ಲ ಅಂತಲ್ಲ. ಸರ್ಕಾರದ ಮಯೂರ ಆದಿಲ್‌ಶಾಹಿ ಇದೆ, ಖಾಸಗಿಯವು ಎಸಿ, ಲಿಫ್ಟು, ಮದುವೆ ಹಾಲ್ ಎಲ್ಲ ಇರೋವು ಬೇಕಾದಷ್ಟಿವೆ. ಸಾಮಾನು ಮಾರೋಕೆ ಬರೋ ಕಂಪನಿ ಪ್ರತಿನಿಧಿಗಳಿಗೆ, ಮದುವೆಗೆ ಬಂದ ಬೀಗರಿಗೆ ಅವು ಸರಿ. ಆದರೆ ಪರದೆ ಸರಿಸಿದರೆ ಕಾಣೋದು ಪಕ್ಕದ ಕಟ್ಟಡದ ಸಿಂಟೆಕ್ಸ್ ಟ್ಯಾಂಕು. ಎಲ್ಲಿದೀನಿ ಅಂತ ಗೊತ್ತಾಗಬೇಕಾದ್ರೆ ಬೆಡ್‌ಶೀಟ್ ಮೇಲಿನ ಹೆಸರು ಓದಬೇಕು.

ಇನ್ನು ನಮ್ಮ ಮನೆಯ ವಿಷಯಕ್ಕೆ ಬರ್ತೀನಿ. ಯಾಕಂದ್ರೆ ಈ ಮಾತೆಲ್ಲ ಸುಮ್ನೆ ಹೊಟ್ಟೆ ತುಂಬಿದವನ ಹರಟೆ ಅನ್ನಿಸಬಾರದು.

ನಮ್ಮವ್ವನ ತವರು ಟಿಕೋಟಾ–ಬಬಲೇಶ್ವರದ ನಡುವಿನ ಒಂದು ಹಳ್ಳಿ. ಅಲ್ಲೊಂದು ವಾಡೆ ಇದೆ. ಅರಮನೆ ಅಲ್ಲ, ಒಕ್ಕಲುತನದ ಮನೆ, ಆದರೆ ದೊಡ್ಡದು. ಕಲ್ಲಿನ ಗ್ವಾಡಿ ಎಷ್ಟು ದಪ್ಪ ಅಂದ್ರೆ ಕಿಟಕಿಯಲ್ಲಿ ಒಬ್ಬ ಮನುಷ್ಯ ಮಲಗಬಹುದು. ದೊಡ್ಡ ಬಾಗಿಲು ದಾಟಿದರೆ ದನ ಕಟ್ಟೋ ಅಂಕಣ, ಅದರ ಮೇಲಿನ ಮಟ್ಟಕ್ಕೆ ಪಡಸಾಲಿ, ಎಂಟು ಕಂಬ, ಕಂಬದ ತಲೆಯಲ್ಲಿ ಗಿಳಿ, ಕುದುರೆ ಕೆತ್ತಿದ ಬೋದಿಗೆ. ಮೇಲೆ ಮಣ್ಣಿನ ಮಾಳಗಿ, ನಡುವೆ ಬೆಳಕಿಂಡಿ. ಏಪ್ರಿಲ್‌ನಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಪಡಸಾಲಿಯಲ್ಲಿ ಚಾಪೆ ಹಾಕಿ ಮಲಗಿದ್ರೆ ಹೊದಿಕೆ ಬೇಡ, ಫ್ಯಾನೂ ಬೇಡ. ಬೇಸಿಗೆ ರಜೆಗಳೆಲ್ಲ ಕಳೆದದ್ದು ಅಲ್ಲೇ.

ಈಗ ಅದನ್ನ ಕೆಡವೋ ಮಾತು ನಡೆದಿದೆ. ಮೂರು ಜನ ಮಾವಂದಿರು, ಪಾಲು ಆಗಬೇಕು. ಹಿರೇಮಾವ ಒಬ್ಬರೇ ಊರಲ್ಲಿರೋದು. ಹಳೇ ಮನೆ ಸಾಮಾನು ಕೊಳ್ಳೋ ವ್ಯಾಪಾರಿ ಒಬ್ಬ ಬಂದು ಕಂಬ, ಬಾಗಿಲು, ತೊಲಿ ಎಲ್ಲಾದಕ್ಕೂ ಸೇರಿ ಒಂದು ರೇಟು ಹೇಳಿ ಹೋಗಿದ್ದಾನೆ. ಆ ದುಡ್ಡಿಗೆ ಇನ್ನೊಂದಷ್ಟು ಕೂಡಿಸಿದ್ರೆ ಮೂರು ಆರ್‌ಸಿಸಿ ಮನೆ. ನಾನು ಫೋನಿನಲ್ಲಿ ಬೇಡ ಮಾಮಾ ಅಂದೆ.

"ಅಳಿಯಾ, ನೀ ಬೆಂಗಳೂರಾಗ ಕುಂತು ಹೇಳೂದು ಹಗರ ಐತಿ. ಮಳಿಗಾಲಕ್ಕೊಮ್ಮಿ ಮಾಳಗಿ ಮ್ಯಾಲ ಮಣ್ಣ ಹಾಕಾವ್ರು ಯಾರು? ಈಗ ಆಳ ಸಿಗೂದಿಲ್ಲ. ಜಂತಿಗೆ ಗೆದ್ಲಿ ಹತ್ತೇತಿ. ನಿಮ್ಮ ಮಾಮಿಗೆ ಮಂಡಿನೋವು, ಪಡಸಾಲಿ ಹತ್ತಿ ಇಳದು ಸಾಕಾಗೇತಿ. ನಿನಗ ಫೋಟೋ ತಗ್ಯಾಕ ಮನಿ ಬೇಕು, ನಮಗ ಇರಾಕ ಬೇಕು."

ಇದಕ್ಕೆ ಉತ್ತರ ಕೊಡೋದು ಸುಲಭ ಇಲ್ಲ. ಪರಂಪರೆ, ಸಂಸ್ಕೃತಿ ಅಂತ ಹೇಳಿದ್ರೆ ಮಾಳಗಿ ಸೋರೋದು ನಿಲ್ಲೋದಿಲ್ಲ. ಹಳೇ ಮನೆ ಉಳೀಬೇಕಾದ್ರೆ ಅದು ದುಡೀಬೇಕು, ಅಷ್ಟೇ. ಶಾರ್ತ್ರ್‌ನ ಆ ಮನೆಯ ಮೆಟ್ಟಿಲನ್ನ ಉಳಿಸಿದ್ದು ಫ್ರೆಂಚರ ಸಂಸ್ಕೃತಿ ಪ್ರೇಮ ಒಂದೇ ಅಲ್ಲ, ರಾತ್ರಿಗೆ ಹನ್ನೆರಡು ರೂಮಿನ ಬಾಡಿಗೆ ಕೂಡಾ.

ಆ ವ್ಯಾಪಾರಿ ಒಯ್ದ ಕಂಬಗಳು ಎಲ್ಲಿಗೆ ಹೋಗ್ತವೆ ಗೊತ್ತಾ? ನಾನು ನೋಡಿದೀನಿ. ಬೆಂಗಳೂರಿನ ಹೊರಗೆ ಒಂದು ರೆಸಾರ್ಟಿಗೆ ಟೀಮ್ ಔಟಿಂಗ್ ಹೋಗಿದ್ವಿ. ರಿಸೆಪ್ಷನ್ನಿನಲ್ಲಿ ಕೆತ್ತನೆಯ ಕಂಬಗಳು, ಒಂದು ದೊಡ್ಡ ಬಾಗಿಲನ್ನ ಅಡ್ಡ ಮಲಗಿಸಿ ಮೇಲೆ ಗಾಜು ಹಾಕಿ ಟೇಬಲ್ ಮಾಡಿದ್ರು. ಎಲ್ಲಿಂದ ತಂದಿದ್ದು ಅಂತ ಕೇಳಿದ್ರೆ ಮ್ಯಾನೇಜರ್ ಹೆಮ್ಮೆಯಿಂದ "ನಾರ್ತ್ ಕರ್ನಾಟಕ ಸರ್, ಬಾಗಲಕೋಟೆ, ಬಿಜಾಪುರ ಸೈಡು" ಅಂದ. ನನ್ನ ಟೀಮಿನವರು ಆ ಬಾಗಿಲಿನ ಮೇಲೆ ಕಾಫಿ ಕಪ್ ಇಟ್ಟುಕೊಂಡು ಸೆಲ್ಫಿ ತೆಗೀತಿದ್ರು. ನಮ್ಮ ಕಡೆಯ ಮನೆಯ ಚೆಲುವು ಬಾಡಿಗೆಗೆ ಬೆಲೆ ಬಾಳುತ್ತೆ ಅನ್ನೋದು ಆ ರೆಸಾರ್ಟಿನವನಿಗೆ ಗೊತ್ತಾಗಿದೆ, ಮನೆಯವರಿಗೆ ಯಾರೂ ಹೇಳಿಲ್ಲ.

ರಾಜಸ್ಥಾನದವರು ಇದನ್ನ ಎಂದೋ ಮಾಡಿದರು. ನೀಮ್ರಾಣಾದಲ್ಲಿ ಪಾಳುಬಿದ್ದಿದ್ದ ಕೋಟೆಯನ್ನ ಕೊಂಡು ರಿಪೇರಿ ಮಾಡಿ 1991ರಲ್ಲಿ ಹೋಟೆಲ್ ಶುರು ಮಾಡಿದ್ರು. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಬೀಗ ಹಾಕಿದ್ದ ಚೆಟ್ಟಿಯಾರರ ಮನೆಗಳು ಹೋಟೆಲಾಗಿವೆ. ನಮ್ಮಲ್ಲೂ ಸಂಡೂರಿನ ಶಿವವಿಲಾಸ ಅರಮನೆ ಇದೆ, ಮೈಸೂರಿನ ಲಲಿತಮಹಲ್ ಇದೆ. ಆದರೆ ಅವೆಲ್ಲ ಬಹುತೇಕ ರಾಜರ, ಸಾಹುಕಾರರ ಮನೆಗಳು. ಒಕ್ಕಲಿಗನ ವಾಡೆಯಲ್ಲಿ, ಎರಡು ಮೂರು ರೂಮಿನ ಮಟ್ಟಿಗೆ, ಮನೆಯವರು ಮನೆಯಲ್ಲೇ ಇದ್ದುಕೊಂಡು ಮಾಡೋದು ನಮ್ಮ ಕಡೆ ಅಪರೂಪ.

"ಯಾರ್ ಬರ್ತಾರ್ರಿ ಇಲ್ಲಿ, ಬರೀ ಧೂಳಾ, ಬಿಸಿಲಾ" ಅನ್ನೋರಿಗೆ ಒಂದು ಮಾತು. ನವೆಂಬರ್‌ನಿಂದ ಫೆಬ್ರುವರಿ ತನಕ ನಮ್ಮ ಕಡೆ ಹವಾ ಬೆಂಗಳೂರಿಗಿಂತ ಚೆನ್ನಾಗಿರುತ್ತೆ. ಒಂದು ರಾತ್ರಿ ಉಳಿದರೆ ಏನೇನು ಸಿಗುತ್ತೆ ನೋಡಿ. ಗೋಳಗುಮ್ಮಟ ಬೆಳಿಗ್ಗೆ ಆರರ ಸುಮಾರಿಗೇ ತೆಗೀತದೆ. ಶಾಲೆ ಮಕ್ಕಳ ಬಸ್ಸು ಬರೋ ಮುಂಚೆ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಆಚೆ ಬದಿಯವರು ಕೈಗಡಿಯಾರ ಕಿವಿಗೆ ಹಿಡಿದ ಸದ್ದು ಕೇಳಬೇಕು. ಹತ್ತು ಗಂಟೆಗೆ ಹೋದವರಿಗೆ ಕೇಳೋದು ನಾನೂರು ಮಕ್ಕಳ ಸೀಟಿ ಮಾತ್ರ. ಸುಮಾರು 38 ಮೀಟರ್ ಅಗಲದ ಗುಮ್ಮಟವನ್ನ ನಡುವೆ ಒಂದು ಕಂಬವೂ ಇಲ್ಲದೆ 1656ರ ಹೊತ್ತಿಗೆ ನಿಲ್ಲಿಸಿದವರು ಅದನ್ನ ಸೀಟಿ ಹೊಡೆಯೋಕೆ ಕಟ್ಟಲಿಲ್ಲ. ಸಂಜೆಗೆ ಇಬ್ರಾಹಿಂ ರೋಜಾ, ಬಿಸಿಲು ಇಳಿಯುವಾಗ ಕಲ್ಲಿನ ಜಾಲಂದ್ರಗಳ ನೆರಳು. ಅಲ್ಲಿಂದ ತೊರವಿ ಹತ್ತಿರದ ನವರಸಪುರ, ಎರಡನೇ ಇಬ್ರಾಹಿಂ 1599ರಲ್ಲಿ ಸಂಗೀತಗಾರರಿಗೆ, ಕಲಾವಿದರಿಗೆ ಅಂತ ಕಟ್ಟೋಕೆ ಶುರು ಮಾಡಿದ ಊರು. 1624ರಲ್ಲಿ ಮಲಿಕ್ ಅಂಬರ್ ಬಂದು ಹಾಳು ಮಾಡಿದ. ಉಳಿದಿರೋ ಸಂಗೀತ ಮಹಲಿನ ಕಮಾನಿನ ಕೆಳಗೆ ಸಂಜೆ ಕೂತ್ರೆ ಎದ್ದು ಬರೋ ಮನಸ್ಸಾಗಲ್ಲ. ಸರಸ್ವತಿಯನ್ನ ನೆನೆದು ಹಾಡು ಬರೆದ ಸುಲ್ತಾನನ ಊರು ಅದು. ಅವನು ಯಾವ ಪಾರ್ಟಿಗೂ ಅನುಕೂಲ ಆಗೋದಿಲ್ಲ ಅನ್ಸುತ್ತೆ, ಅದಕ್ಕೇ ಯಾರೂ ಅವನ ಸುದ್ದಿ ತೆಗೆಯೋದಿಲ್ಲ.

ಎರಡನೇ ದಿನಕ್ಕೆ ಊರಾಚೆ. ಫೆಬ್ರುವರಿ–ಮಾರ್ಚಿನಲ್ಲಿ ಟಿಕೋಟಾ ಕಡೆ ಹೋದ್ರೆ ದ್ರಾಕ್ಷಿ ಒಣಗಿಸೋ ಶೆಡ್ಡುಗಳಲ್ಲಿ ಬಲೆಯ ಮೇಲೆ ಬಲೆ, ಅಂತಸ್ತಿನ ಮೇಲೆ ಅಂತಸ್ತು, ಹಸಿರು ದ್ರಾಕ್ಷಿ ಹದಿನೈದು ದಿನದಲ್ಲಿ ಮಣೂಕ ಆಗೋದನ್ನ ನೋಡಬಹುದು. ಬಬಲೇಶ್ವರದ ಕಡೆ ಮಮದಾಪುರದ ಕೆರೆ ಇದೆ, ಮಹಮ್ಮದ್ ಆದಿಲ್‌ಶಾಹನ ಕಾಲದ್ದು. ಕಾಖಂಡಕಿಯಲ್ಲಿ ಮಹಿಪತಿದಾಸರ ನೆಲೆ. ಟಿಕೋಟಾ ತಾಲ್ಲೂಕಿನ ಬಿಜ್ಜರಗಿ, 2023ರ ಜನವರಿಯಲ್ಲಿ ತೀರಿಕೊಂಡ ಸಿದ್ಧೇಶ್ವರ ಸ್ವಾಮಿಗಳು ಹುಟ್ಟಿದ ಊರು. ಕೊಲ್ಹಾರದ ಗಡಿಗೆ ಮೊಸರಿನ ಬಗ್ಗೆ ನಾನು ಬರೆಯೋಕೆ ಹೋಗಲ್ಲ, ಬೆಂಗಳೂರಲ್ಲಿ ಕೂತು ಅದನ್ನ ನೆನೆಸಿಕೊಳ್ಳೋದು ಹಿಂಸೆ.

ಊರಿನ ಕಡೆಯಿಂದ ಆಗಬೇಕಾದದ್ದು ಇಷ್ಟೇ ಇಷ್ಟು. ರಾತ್ರಿ ಒಂಬತ್ತರ ತನಕ ಯಾವುದಾದರೂ ಒಂದು ಸ್ಮಾರಕದ ಅಂಗಳ ತೆರೆದಿರಲಿ. ಗೋಳಗುಮ್ಮಟವೇ ಬೇಕಂತಿಲ್ಲ, ಬಾರಾ ಕಮಾನ್ ಸಾಕು. ಮೇಲ್ಛಾವಣಿಯೇ ಇಲ್ಲದ ಕಮಾನುಗಳು, ಬೆಳದಿಂಗಳಿಗೆ ಹೇಳಿ ಮಾಡಿಸಿದ್ದು. ಮೈಸೂರು ಅರಮನೆಗೆ ಭಾನುವಾರ ಸಂಜೆ ಮುಕ್ಕಾಲು ಗಂಟೆ ದೀಪ ಹಾಕ್ತಾರೆ, ಆ ಮುಕ್ಕಾಲು ಗಂಟೆಗೋಸ್ಕರ ಎಷ್ಟು ಜನ ಮೈಸೂರಿನಲ್ಲಿ ರಾತ್ರಿ ಉಳೀತಾರೆ ಯೋಚಿಸಿ. 2014ರಲ್ಲಿ ದಖ್ಖನಿನ ಸುಲ್ತಾನರ ಸ್ಮಾರಕಗಳು ಅಂತ ಕಲಬುರಗಿ, ಬೀದರ್, ಹೈದರಾಬಾದ್ ಜೊತೆ ನಮ್ಮೂರೂ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೆ ಸೇರಿತು. ಅದೇ ವರ್ಷ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯ್ತು. ಹೆಸರಿನ ಸುದ್ದಿ ಊರೆಲ್ಲಾ ಗೊತ್ತಾಯ್ತು, ಪಟ್ಟಿಯ ಸುದ್ದಿ ಎಷ್ಟು ಜನರಿಗೆ ಗೊತ್ತಿದೆಯೋ.

ಒಂದು ಹೆದರಿಕೆ ನನಗೂ ಇದೆ, ಅದನ್ನ ಮುಚ್ಚಿಡಲ್ಲ. ಪ್ರವಾಸಿ ಬಂದ ಕಡೆ ಊರಿನವರು ಹೊರಗೆ ಹೋಗೋದೂ ಉಂಟು. ಹಂಪಿಯಲ್ಲಿ 2011ರ ಜುಲೈನಲ್ಲಿ ಬಜಾರದ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನ ಎಬ್ಬಿಸಿದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮ ಆದವು. ಒಂದು ಕಡೆ ಅಂಗಡಿಯವರು, ಇನ್ನೊಂದು ಕಡೆ ಲಂಗು ಲಗಾಮಿಲ್ಲದ ಗುಡಿಸಲು ರೆಸಾರ್ಟು, ಎರಡೂ ಹೋಗಿ ಈಗ ಹಂಪಿ ನೋಡೋಕೆ ಬಂದವರಲ್ಲಿ ಬಹಳ ಜನ ರಾತ್ರಿ ಉಳಿಯೋಕೆ ಹೊಸಪೇಟೆಗೋ ಕಮಲಾಪುರಕ್ಕೋ ಹೋಗ್ತಾರೆ. ವಿಜಯಪುರದ ಒಳ್ಳೇ ಗುಣ ಅಂದ್ರೆ ಇಲ್ಲಿ ಇನ್ನೂ ಸ್ಮಾರಕದ ನಡುವೆ ಜನ ಇದಾರೆ. ಜುಮ್ಮಾ ಮಸೀದಿಯಲ್ಲಿ ಇವತ್ತಿಗೂ ನಮಾಜು ನಡೆಯುತ್ತೆ, ಅಸರ್ ಮಹಲಿನ ಮುಂದಿನ ಕೊಳದ ಹತ್ತಿರ ಹುಡುಗರು ಕ್ರಿಕೆಟ್ ಆಡ್ತಾರೆ. ಹೊರಗಿನ ದೊಡ್ಡ ಕಂಪನಿ ಬಂದು ಒಂದು ಓಣಿ ಪೂರಾ ಕೊಂಡು 'ಹೆರಿಟೇಜ್ ಸ್ಟ್ರೀಟ್' ಮಾಡೋ ಮೊದಲು ಓಣಿಯವರೇ ಒಂದೊಂದು ರೂಮು ತೆಗೆದಿಡಲಿ ಅನ್ನೋದು ನನ್ನ ಹಟ. ರೂಮಿಗೆ ಯಾರನ್ನ ಬಿಟ್ಟುಕೊಳ್ಳೋದು, ಯಾರನ್ನ ಬಿಡೋದು ಅಂತ ಜಾತಿ, ಧರ್ಮ ಕೇಳೋ ಚಾಳಿ ನಮ್ಮವರಿಗೆ ಇದ್ದೇ ಇದೆ, ಅದು ಇನ್ನೊಂದು ಜಗಳ. ಮುಸ್ತಫಾ ಖಾನನ ಸರಾಯಿಗೆ ಬಂದಿಳಿದ ವ್ಯಾಪಾರಿಗಳೇನು ಒಂದೇ ಜಾತಿಯವರಾಗಿರಲಿಲ್ಲ.

ಹಿರೇಮಾವನಿಗೆ ನಾನು ಒಂದು ಎಕ್ಸೆಲ್ ಶೀಟ್ ಮಾಡಿ ಕಳಿಸಿದೆ. ಮಾಳಗಿಯ ಮಣ್ಣು ತೆಗೆದು, ಕೆಟ್ಟ ಜಂತಿ ಬದಲಾಯಿಸಿ, ಮೇಲೆ ನೀರು ಇಳಿಯದ ಹಾಗೆ ಮಾಡೋಕೆ ಎಷ್ಟು, ಎರಡು ರೂಮಿಗೆ ಎಷ್ಟು, ವರ್ಷಕ್ಕೆ ಅರವತ್ತು ರಾತ್ರಿ ಜನ ಬಂದ್ರೆ ಎಷ್ಟು ವರ್ಷಕ್ಕೆ ದುಡ್ಡು ವಾಪಸ್. ಪ್ರಿಂಟ್ ತೆಗೆಸಿ ಕಿರಿಯ ಮಾವಂದಿರಿಗೂ ತೋರಿಸಿದಾರಂತೆ. ಸದ್ಯಕ್ಕೆ ಕಂಬದ ವ್ಯಾಪಾರಿಗೆ ದೀಪಾವಳಿ ಮುಗೀಲಿ ನೋಡೋಣು ಅಂತ ಹೇಳಿ ಕಳಿಸಿದಾರೆ. ಈಗ ಮನೆಯಲ್ಲಿ ಹತ್ತಿರೋ ದೊಡ್ಡ ಜಗಳ ಅಟ್ಯಾಚ್ಡ್ ಬಾತ್‌ರೂಮ್ ಎಲ್ಲಿ ಮಾಡೋದು ಅನ್ನೋದರ ಮೇಲೆ. ಮಾವ ದನದ ಅಂಕಣದಲ್ಲಿ ಅಂತಾರೆ. ಮಾಮಿ ಮಾತ್ರ, ಎಮ್ಮಿ ಇರೂ ಜಾಗಾ ಯಾರಿಗೂ ಕೊಡೂದಿಲ್ಲ, ಬಂದಾವ್ರು ಬೇಕಾದ್ರ ಹಿತ್ತಲದಾಗ ಹೋಗಲಿ ಅಂತ ಕೂತುಬಿಟ್ಟಿದ್ದಾರೆ.